ಒಂದೂವರೆ ಪಾಯಿಂಟಿನವಳು

ಆಗಸ್ಟ್ 18, ಭಾನುವಾರ

ಇನ್ನೊಂದು ಸಲ ಯಾರಾದರೂ ಕೇಳದೆ ನನ್ನ ವೀಲ್‌ಚೇರ್ ತಳ್ಳಿದರೆ ಅವರ ಕೈ ಕಚ್ಚುತ್ತೇನೆ.

ಕಚ್ಚಲ್ಲ. ಗೊತ್ತು. ‘ಥ್ಯಾಂಕ್ಯೂ ಅಂಕಲ್’ ಅಂತೀನಿ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳ ಬಾಯಲ್ಲಿ ಮೊದಲು ಸಾರಿ ಬರುತ್ತೆ, ಆಮೇಲೆ ಥ್ಯಾಂಕ್ಯೂ, ಉಳಿದದ್ದು ಏನಾದರೂ ಇದ್ದರೆ ಆಮೇಲೆ.

ಕಾಲೇಜು ಶುರುವಾಗಿ ಮೂರು ವಾರ, ಇಲ್ಲೂ ಹಾಸ್ಟೆಲ್ಲೇ. ರಾಂಪ್ ಇದೆ ಅಂತ ವೆಬ್‌ಸೈಟಿನಲ್ಲಿ ಫೋಟೋ ಹಾಕಿದ್ದರು. ಇದೆ. ಅದರ ಮೇಲೆ ಆಫೀಸಿನವರ ಸ್ಕೂಟರ್‌ಗಳೂ ಇವೆ. ದಿನಾ ಬೆಳಿಗ್ಗೆ ಗಾರ್ಡ್ ಭಯ್ಯಾ ‘ಏಕ್ ಮಿನಿಟ್ ಬೇಟಾ’ ಅಂತ ಒಂದೊಂದೇ ಸರಿಸುತ್ತಾನೆ. ನಾನು ಕೆಳಗೆ ಕಾಯುತ್ತೇನೆ. ಪಕ್ಕದ ಮೆಟ್ಟಿಲು ಹತ್ತುವವರೆಲ್ಲ ಪಾಪ ಅನ್ನೋ ಮುಖ ಮಾಡಿಕೊಂಡು ಹೋಗುತ್ತಾರೆ. ಎಕನಾಮಿಕ್ಸ್ ಕ್ಲಾಸು ಒಂದನೇ ಮಹಡಿಯಲ್ಲಿತ್ತು; ನನಗೋಸ್ಕರ ಕೆಳಗಿನ ಹಳೇ ಲ್ಯಾಬಿಗೆ ಶಿಫ್ಟ್ ಮಾಡಿದರು. ಅಲ್ಲಿ ಫ್ಯಾನ್ ತಿರುಗಲ್ಲ. ಅರವತ್ತು ಜನ ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಾರೆ.

ಸಾಲದು ಅಂತ ಇವತ್ತು ಬಾಸ್ಕೆಟ್‌ಬಾಲ್. ಅಮ್ಮನ ಕೆಲಸ. ರಾಜಧಾನಿಯ ದ್ವಾರಕಾದಲ್ಲಿ ಅಪ್ಪ-ಅಮ್ಮ ಇರುವ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ ಇರುವ ಬೆಳ್ಯಪ್ಪ ಸರ್ ಕೊಡಗಿನವರು, ಸುಬೇದಾರ್ ಆಗಿ ರಿಟೈರ್ ಆದವರು, ಈಗ ಹೆಂಗಸರ ವೀಲ್‌ಚೇರ್ ಟೀಮಿಗೆ ಕೋಚ್. ಅಮ್ಮ ಅವರನ್ನು ಲಿಫ್ಟಿನಲ್ಲಿ ಹಿಡಿದು ‘ನಮ್ಮ ಹುಡುಗಿ ರೂಮಲ್ಲೇ ಇರ್ತಾಳೆ ಸಾರ್’ ಅಂತ ಅತ್ತಳಂತೆ. ಲಿಫ್ಟಿನಲ್ಲಿ! ಏಳು ಮಹಡಿ ಇಳಿಯುವಷ್ಟರಲ್ಲಿ ನನ್ನ ಭಾನುವಾರಗಳನ್ನು ಕೊಟ್ಟುಬಿಟ್ಟಿದ್ದಾಳೆ.

ಒಂದು ಸ್ಕೂಲಿನ ಕೋರ್ಟು, ಬಿಸಿಲು. ಆಟದ ಕುರ್ಚಿಗಳ ಚಕ್ರಗಳು ಕೆಳಗೆ ಅಗಲಿಸಿಕೊಂಡಿರುತ್ತವೆ, ಹಿಂದೆ ಹಿಡಿಕೆಯೇ ಇಲ್ಲ, ಯಾರೂ ತಳ್ಳೋ ಹಾಗಿಲ್ಲ. ಅದೊಂದು ಇಷ್ಟವಾಯಿತು. ಉಳಿದದ್ದೆಲ್ಲ ಭಯಂಕರ. ಕ್ಯಾಪ್ಟನ್ ನಗ್ಮಾ ಘಾಜಿಯಾಬಾದಿನಿಂದ ಬರುತ್ತಾಳೆ, ಒಂದು ಕಾಲಿಲ್ಲ, ಬಾಯಿ ಎರಡಿವೆ. ‘ಎರಡೂ ಕೈ ಬಿಡು, ಹುಡುಗಿ! ಬಾಲ್ ಹಿಡೀಬೇಕಾ, ಕುರ್ಚಿ ಹಿಡೀಬೇಕಾ?’ ಅಂತ ಇಡೀ ದ್ವಾರಕಾಗೆ ಕೇಳೋ ಹಾಗೆ ಕೂಗಿದಳು.

ಬಿಡಲು ಆಗಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಸ್ಕೂಲ್ ಬಸ್ ಉರುಳಿದಾಗಿನಿಂದ ನಾನು ಏನನ್ನಾದರೂ ಹಿಡಿದುಕೊಂಡೇ ಇದ್ದೇನೆ. ಕೈ ಬಿಟ್ಟರೆ ಮುಂದಕ್ಕೆ ಮುಗ್ಗರಿಸುತ್ತೇನೆ. ನನಗೆ ಗೊತ್ತು.

ಇದನ್ನು ಕನ್ನಡದಲ್ಲಿ ಬರೆಯುತ್ತಿರೋದು ರೂಮ್‌ಮೇಟ್ ಓದಬಾರದು ಅಂತ ಮಾತ್ರ. ಸ್ಪೆಲಿಂಗ್ ತಪ್ಪಿದರೆ ತಪ್ಪಲಿ.

ಸೆಪ್ಟೆಂಬರ್ 1, ಭಾನುವಾರ

ನನಗೆ ಒಂದೂವರೆ ಬಂದಿದೆ. ನಾಲ್ಕೂವರೆಗೆ.

ಬೋರ್ಡ್ ಪರೀಕ್ಷೆಯನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದೂ ತೊಂಬತ್ತೊಂದು ತೆಗೆದವಳು ನಾನು. ಒಂದೂವರೆ!

ಕ್ಲಾಸಿಫಿಕೇಶನ್ ಅಂತ ಇಬ್ಬರು ಬಂದಿದ್ದರು. ಮುಖ್ಯವಾದವರು ಒಬ್ಬರು ಫಿಸಿಯೋ ಮೇಡಂ, ಬೂದು ಕೂದಲು, ಕೈಯಲ್ಲಿ ಪ್ಯಾಡ್, ಮುಖದಲ್ಲಿ ಏನೂ ಇಲ್ಲ. ನಮ್ಮನ್ನು ಆಡಿಸಿ ಗೆರೆಯ ಹೊರಗೆ ನಿಂತು ನೋಡಿದರು. ಯಾರು ಎಷ್ಟು ಬಾಗುತ್ತಾರೆ, ಎಷ್ಟು ತಿರುಗುತ್ತಾರೆ, ಕುರ್ಚಿ ಹಿಡಿಯದೆ ನೆಟ್ಟಗೆ ಕೂರುತ್ತಾರಾ. ನನ್ನ ಕಡೆ ಬಂದ ಚೆಂಡನ್ನೆಲ್ಲ ನಾನು ಒಂದೇ ಕೈಯಲ್ಲಿ ತಡೆದೆ. ಇನ್ನೊಂದು ಚಕ್ರದ ಮೇಲೆ. ‘ಎರಡೂ ಕೈ ಮೇಲಕ್ಕೆತ್ತು’ ಅಂದರು. ‘ಆಗಲ್ಲ ಮ್ಯಾಮ್, ಸಾರಿ’ ಅಂದೆ. ಬರೆದುಕೊಂಡರು.

ಟಾಯ್ಲೆಟ್ಟಿಗೆ ಹೋಗಿ ಅಳೋಣ ಅಂದರೆ ಅದರ ಬಾಗಿಲು ನನ್ನ ಕುರ್ಚಿಗಿಂತ ಚಿಕ್ಕದು. ಬಾಗಿಲ ಹೊರಗೇ ಅತ್ತೆ. ಹಿಂದಿನಿಂದ ಕುಸುಮ್ ಬಂದಳು. ಅವಳಿಗೆ ಮೂವತ್ತನಾಲ್ಕು, ಪೋಲಿಯೋ, ನಜಫ್‌ಗಢದಲ್ಲಿ ಮನೆ, ಕಾಲ್ ಸೆಂಟರಿನಲ್ಲಿ ಕೆಲಸ.

‘ಇದು ಮಾರ್ಕ್ಸ್ ಅಲ್ವೇ ಪಗ್ಲಿ. ದೇಹ ಜಾಸ್ತಿ ಕೆಲಸ ಮಾಡಿದ್ರೆ ಜಾಸ್ತಿ ಪಾಯಿಂಟು. ನಗ್ಮಾಗೆ ಕಾಲೊಂದೇ ಇಲ್ಲ, ಸೊಂಟ ಬೆನ್ನು ಎಲ್ಲಾ ಗಟ್ಟಿ, ಅದಕ್ಕೆ ನಾಲ್ಕು. ನನಗೆ ಎರಡು. ಕೋರ್ಟಿನಲ್ಲಿರೋ ಐದು ಜನರದ್ದೂ ಕೂಡಿಸಿದ್ರೆ ಹದಿನಾಲ್ಕು ದಾಟಬಾರದು, ಅಷ್ಟೇ ರೂಲು. ಇಲ್ಲದಿದ್ರೆ ಎಲ್ಲಾ ಟೀಮಿನವರೂ ಐದು ನಗ್ಮಾನ ಇಳಿಸ್ತಾರೆ, ನಾವು ಬೆಂಚಲ್ಲಿ ಕೊಳೀತೀವಿ.’

ನಗ್ಮಾ ನಾಲ್ಕು. ಮೇರಠ್‌ನ ಅಕ್ಕ-ತಂಗಿ ಇಬ್ಬರೂ ಸೇರಿ ಆರೂವರೆ. ಕುಸುಮ್ ಎರಡು. ನಾನು ಒಂದೂವರೆ. ಹದಿನಾಲ್ಕು. ಬೆಳ್ಯಪ್ಪ ಸರ್ ಬೆರಳಲ್ಲಿ ಎಣಿಸಿ ‘ಚಿನ್ನದಂಥ ಹುಡುಗಿ ಸಿಕ್ಕಿದಳು’ ಅಂದರು. ಟೀಮೆಲ್ಲ ಚಪ್ಪಾಳೆ ತಟ್ಟಿತು.

ನನ್ನ ಬೆನ್ನು ಕೆಲಸ ಮಾಡಲ್ಲ ಅಂತ ಚಪ್ಪಾಳೆ. ಇಂಥದ್ದಕ್ಕೆ ಏನು ಮುಖ ಮಾಡಬೇಕು ಅಂತ ಯಾವ ಹಾಸ್ಟೆಲ್‌ನಲ್ಲೂ ಹೇಳಿಕೊಡಲ್ಲ.

ಸೆಪ್ಟೆಂಬರ್ 15, ಭಾನುವಾರ

ಕಡಿಮೆ ಪಾಯಿಂಟಿನವರ ಕೆಲಸ ಬುಟ್ಟಿಗೆ ಹಾಕೋದಲ್ಲ. ಎದುರಾಳಿಯ ಕುರ್ಚಿಗೆ ನಮ್ಮ ಕುರ್ಚಿ ಅಡ್ಡ ಹಾಕಿ ನಿಲ್ಲಿಸೋದು. ಸ್ಕ್ರೀನ್ ಅಂತಾರೆ. ನಾನು ಅಡ್ಡ ನಿಂತಾಗ ನಗ್ಮಾ ಹಿಂದಿನಿಂದ ನುಗ್ಗಿ ಹಾಕುತ್ತಾಳೆ, ಹೆಸರು ಅವಳದ್ದು.

ಆದರೆ ಡಿಕ್ಕಿ ಹೊಡೆಯಬಹುದು! ರೂಲಿನೊಳಗೇ. ಕಬ್ಬಿಣಕ್ಕೆ ಕಬ್ಬಿಣ ಬಡಿಯೋ ಸದ್ದು ಹಲ್ಲಿನವರೆಗೂ ಬರುತ್ತೆ. ಇವತ್ತು ಅಕ್ಕನಿಗೆ ನಾಲ್ಕು ಸಲ, ತಂಗಿಗೆ ಆರು ಸಲ ಹೊಡೆದೆ. ಒಂದೊಂದಕ್ಕೂ ಮನಸ್ಸಿನಲ್ಲಿ ಒಂದೊಂದು ಸ್ಕೂಟರ್ ನಂಬರ್ ಹೇಳಿಕೊಂಡೆ.

‘ಈ ಮದ್ರಾಸಿ ಹುಡುಗಿಗೆ ಏನಾಗಿದೆ?’ ಅಂದಳು ತಂಗಿ.

‘ಮದ್ರಾಸಿ ಅಲ್ಲ’ ಅಂದೆ. ಮತ್ತೆ ಹೊಡೆದೆ.

ಸೆಪ್ಟೆಂಬರ್ 26, ಗುರುವಾರ

ಕಾಲೇಜಿನಲ್ಲಿ ಸ್ಫೂರ್ತಿ ದಿನವಂತೆ. ಹೋದ ವಾರ ಪ್ರೊಫೆಸರ್ ನನ್ನ ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ಮೂರು ವರ್ಷದ ಮಗುವಿನ ಜೊತೆ ಮಾತಾಡೋ ದನಿಯಲ್ಲಿ, ‘ಸ್ಟೇಜ್ ಮೇಲೆ ಬಂದು ನಿನ್ನ ಜರ್ನಿ ಹೇಳ್ತೀಯಾ?’ ಅಂದರು. ಸ್ಟೇಜಿಗೆ ಐದು ಮೆಟ್ಟಿಲು. ನಾಲ್ಕು ಜನ ಹುಡುಗರು ಎತ್ತಿಕೊಂಡು ಹೋಗ್ತಾರಂತೆ, ಫೋಟೋಗ್ರಾಫರ್‌ಗೂ ಹೇಳಿದೆಯಂತೆ.

ಆಗಲ್ಲ ಅಂದೆ. ಆದರೆ ಎಷ್ಟು ಮೆತ್ತಗೆ ಅಂದೆ ಅಂದರೆ ಅವರಿಗೆ ಹೂಂ ಅಂತ ಕೇಳಿಸಿತು. ಲಿಸ್ಟಿನಲ್ಲಿ ಹೆಸರು ಬಂತು. ಇವತ್ತು ಜ್ವರ ಅಂತ ಸುಳ್ಳು ಹೇಳಿ ರೂಮಿನಲ್ಲಿ ಮಲಗಿದೆ. ನಿಜವಾಗಿ ಜ್ವರ ಬಂದಂತೆಯೇ ಇತ್ತು. ನನ್ನ ಮೇಲೇ ಅಸಹ್ಯ.

ಅಕ್ಟೋಬರ್ 13, ಭಾನುವಾರ

ನೋಯಿಡಾದಲ್ಲಿ ಡಿಸೆಂಬರ್‌ಗೆ ನ್ಯಾಷನಲ್ಸ್. ಮೊದಲ ನಾಲ್ಕರಲ್ಲಿ ಬಂದರೆ ನಮಗೆ ಪ್ರಾಕ್ಟೀಸಿಗೆ ಒಳಾಂಗಣ ಹಾಲ್ ಕೊಡ್ತಾರೆ. ಮರದ ನೆಲ, ಅಗಲ ಬಾಗಿಲಿನ ಟಾಯ್ಲೆಟ್. ಬೆಳ್ಯಪ್ಪ ಸರ್ ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದಾರೆ. ಕುಸುಮ್‌ಗೆ ಇದೇ ಕೊನೆಯ ನ್ಯಾಷನಲ್ಸ್ ಆಗಬಹುದು, ಭುಜ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಅವಳು ಅದನ್ನು ಊಟಕ್ಕೆ ಏನು ಮಾಡಿದ್ದೆ ಅನ್ನೋ ಹಾಗೆ ಹೇಳಿದಳು.

ಬೆಂಚಿನಲ್ಲಿ ಅಂಜು ಅಂತ ಒಬ್ಬಳು ಇರ್ತಾಳೆ. ಅವಳದ್ದು ಒಂದು ಪಾಯಿಂಟ್, ಎಲ್ಲರಿಗಿಂತ ಕಡಿಮೆ. ಎದೆಯಿಂದ ಕೆಳಗೆ ಏನೂ ಇಲ್ಲ. ಎದೆಗೆ ಬೆಲ್ಟ್ ಕಟ್ಟಿಕೊಂಡು ಕೂರುತ್ತಾಳೆ, ಮುಂದಕ್ಕೆ ಬಾಗಿದರೆ ಕೈಯೂರಿ ಮೇಲೇಳಬೇಕು. ನಾನು ಬರೋ ಮುಂಚೆ ಅವಳೂ ಆಡುತ್ತಿದ್ದಳಂತೆ. ಈಗ ಸ್ಲೇಟಿನಲ್ಲಿ ಸ್ಕೋರ್ ಬರೆಯುತ್ತಾಳೆ. ನನ್ನ ಕಡೆ ನೋಡಿ ನಗಲ್ಲ. ನಾನೇನು ಮಾಡಿದ್ದೀನಿ ಅವಳಿಗೆ?

ಅಕ್ಟೋಬರ್ 27, ಭಾನುವಾರ

ಬೆಳಿಗ್ಗೆ ಹಾಸ್ಟೆಲ್ ಪೋಹಾದಲ್ಲಿ ಕೂದಲು. ಆಟೋ ಭಯ್ಯಾ ಕುರ್ಚಿ ನೋಡಿ ನಿಲ್ಲಿಸದೇ ಹೋದ, ಎರಡನೆಯವನೂ ಹೋದ. ಮೂರನೆಯವನ ಮುಂದೆ ರಸ್ತೆಗೇ ಇಳಿದು ಅಡ್ಡ ನಿಂತೆ. ‘ಮರೇಗೀ ಕ್ಯಾ?’ ಅಂತ ಕಿರುಚಿದ, ಸಾಯ್ತೀಯಾ ಅಂತ. ‘ಚಲೋ, ದ್ವಾರಕಾ’ ಅಂದೆ.

ಪ್ರಾಕ್ಟೀಸಿನಲ್ಲಿ ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ಬಂದ ಚೆಂಡು ನನ್ನ ತಲೆಯ ಮೇಲೆಯೇ ಬಂತು, ಹಿಡಿದು ನಗ್ಮಾಗೆ ಎಸೆದೆ, ಅವಳು ಹಾಕಿದಳು. ಇದರಲ್ಲಿ ಏನು ವಿಶೇಷ? ಆದರೆ ಎಲ್ಲರ ಕುರ್ಚಿಗಳೂ ಇದ್ದಲ್ಲೇ ನಿಂತವು. ತಂಗಿ ‘ಅರೇ, ಎರಡೂ ಕೈ’ ಅಂದಳು. ಬೆಳ್ಯಪ್ಪ ಸರ್ ಸೀಟಿ ಊದಿ ನಿಲ್ಲಿಸಿ ನನ್ನನ್ನು ಕಾಲು ನಿಮಿಷ ನೋಡಿದರು. ಹೊಗಳುತ್ತಾರೆ ಅಂದುಕೊಂಡರೆ, ‘ನೀರು ಕುಡೀರಿ ಎಲ್ಲಾ’ ಅಂದರು. ಅಷ್ಟೇ! ಸಿಟ್ಟು ಬಂತು. ಅಮ್ಮ ಫೋನ್‌ನಲ್ಲಿ ‘ಬಿದ್ದೆಯಾ? ಎಲ್ಲಾದರೂ ತಾಗಿತಾ?’ ಅಂತ ಶುರು ಮಾಡಿದಳು, ಅದಕ್ಕೂ ಸಿಟ್ಟು ಬಂತು.

ನವೆಂಬರ್ 10, ಭಾನುವಾರ

ಪ್ರಾಕ್ಟೀಸ್ ಮುಗಿದ ಮೇಲೆ ಸರ್ ನನ್ನೊಬ್ಬಳನ್ನೇ ಕರೆದರು. ಕನ್ನಡದಲ್ಲಿ ಮಾತಾಡಿದರು, ಉಳಿದವರಿಗೆ ತಿಳಿಯಬಾರದು ಅನ್ನೋ ಹಾಗೆ.

‘ನ್ಯಾಷನಲ್ಸ್‌ನಲ್ಲಿ ಮೊದಲ ಮ್ಯಾಚಿಗೆ ಪಾಯಿಂಟ್ ಕೊಟ್ಟ ಆ ಮೇಡಂ ಮತ್ತೆ ಬರ್ತಾರೆ. ಹೊಸಬರನ್ನೆಲ್ಲ ಇನ್ನೊಂದು ಸಲ ನೋಡ್ತಾರೆ. ಅವತ್ತು ಒಂದು ಕೈ ಚಕ್ರದ ಮೇಲಿರಲಿ.’

‘ಯಾಕೆ ಸರ್?’

‘ಸೆಪ್ಟೆಂಬರಿನಲ್ಲಿ ಇಟ್ಕೊಂಡಿದ್ದೆಯಲ್ಲ, ಹಾಗೆ.’

‘ಆವಾಗ ಭಯ ಇತ್ತು ಸರ್.’

‘ಅವತ್ತೂ ಇರಲಿ.’

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರೇ ಬಿಡಿಸಿ ಹೇಳಿದರು, ಪಾಪ, ಮಗುವಿಗೆ ಹೇಳುವ ಹಾಗೆ. ನನ್ನ ಬೆನ್ನು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ಆ ಮೇಡಂ ಅವತ್ತು ಅಳೆದದ್ದು ನನ್ನ ಬೆನ್ನನ್ನಲ್ಲ, ನನ್ನ ಹೆದರಿಕೆಯನ್ನು. ಈಗ ಸರಿಯಾಗಿ ನೋಡಿದರೆ ಎರಡೂವರೆ ಕೊಡುತ್ತಾರೆ. ಎರಡೂವರೆಯಾದರೆ ಐವರದ್ದು ಹದಿನೈದು. ನಾನೋ ಕುಸುಮೋ, ಒಬ್ಬರು ಹೊರಗೆ.

‘ಆರು ವರ್ಷದಲ್ಲಿ ಮೊದಲ ಸಲ ಒಳ್ಳೇ ಐದು ಜನ ಕೂಡಿದ್ದಾರೆ ಮಗಳೇ. ಒಂದು ಮ್ಯಾಚು. ನಲವತ್ತು ನಿಮಿಷ. ಆಮೇಲೆ ನೀನು ಬೇಕಾದರೆ ಕೈ ಬಿಟ್ಟು ಹಾರು.’

‘ಸರಿ ಸರ್’ ಅಂದೆ.

ಸರಿ ಸರ್ ಅಂದೆ! ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ಮೂರು ವರ್ಷ ಡಾಕ್ಟರು, ಫಿಸಿಯೋ, ಅಮ್ಮ, ಅಪ್ಪ, ದೇವಸ್ಥಾನದ ಭಟ್ಟರು, ಎಲ್ಲರೂ ‘ಹೆದರಬೇಡ, ಹೆದರಬೇಡ’ ಅಂದಿದ್ದರು. ಈಗ ಒಬ್ಬ ಸುಬೇದಾರ್ ಸಾಹೇಬರು ಹೆದರು ಅಂತ ಆರ್ಡರ್ ಕೊಟ್ಟಿದ್ದಾರೆ. ನನಗೆ ಆಗಿರೋ ಒಂದೇ ಒಂದು ಒಳ್ಳೇದನ್ನು ಬಚ್ಚಿಡಬೇಕಂತೆ. ಅದು ಆಗಿತ್ತು ಅಂತ ನನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ, ಅದು ಬೇರೆ.

ನವೆಂಬರ್ 19, ಮಂಗಳವಾರ

ಹೊಗೆ. ಚಳಿ ಶುರುವಾದರೆ ಈ ಊರಿನ ಗಾಳಿಯೆಲ್ಲ ಇದೇ, ಕಿಟಕಿಯಾಚೆ ಏನೂ ಕಾಣಲ್ಲ. ಕ್ಲಾಸೆಲ್ಲ ಆನ್‌ಲೈನ್, ಕೋರ್ಟು ಬಂದ್. ರೂಮಿನಲ್ಲಿ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದೆ, ವಾರ್ಡನ್ ಬಂದು ಬೈದರು. ‘ಮ್ಯಾಮ್, ಹೊರಗೆ ಉಸಿರಾಡಲು ಆಗಲ್ಲ, ಒಳಗೆ ನೀವು ಬಿಡಲ್ಲ, ನಾನೇನು ಮಾಡಬೇಕು ಹೇಳಿ’ ಅಂದೆ. ಹೋದರು.

ಕುಸುಮ್‌ಗೆ ಫೋನ್ ಮಾಡಿದೆ. ಅವಳಿಗೆ ಎಲ್ಲಾ ಗೊತ್ತಿದೆ. ಸರ್ ಮೊದಲು ಅವಳಿಗೇ ಹೇಳಿದ್ದಾರೆ. ‘ಹಿಡ್ಕೋ ಯಾರ್, ಒಂದು ಮ್ಯಾಚ್ ತಾನೆ. ನಾನು ಹೆಡ್‌ಸೆಟ್ ಹಾಕ್ಕೊಂಡು ದಿನಕ್ಕೆ ಒಂಬತ್ತು ಗಂಟೆ ನನ್ನ ಹೆಸರು ಕ್ಯಾಥಿ ಅಂತ ಸುಳ್ಳು ಹೇಳ್ತೀನಿ, ನಿನಗೆ ನಲವತ್ತು ನಿಮಿಷ ಆಗಲ್ವಾ?’

ನಗು ಬಂತು. ಹಿಡಿದುಕೊಳ್ಳುತ್ತೇನೆ ಅಂದೆ. ಕುಸುಮ್‌ಗೋಸ್ಕರ.

ಡಿಸೆಂಬರ್ 1, ಭಾನುವಾರ

ಹೊಗೆ ಸ್ವಲ್ಪ ಇಳಿದಿದೆ, ಪ್ರಾಕ್ಟೀಸ್ ಶುರು. ಸರ್ ಹೇಳಿದ ಹಾಗೆ ಕೈ ಇಟ್ಟುಕೊಂಡು ಆಡಿ ನೋಡಿದೆ. ಅಸಹ್ಯವಾಗಿತ್ತು. ಎಡಗೈ ಚಕ್ರಕ್ಕೆ ಅಂಟಿಸಿಕೊಂಡು, ತೋಳಿನಷ್ಟು ದೂರದಲ್ಲಿ ಚೆಂಡು ಹೋದರೂ ಬಿಟ್ಟುಬಿಡೋದು. ನಗ್ಮಾ ಬೈಯಲಿಲ್ಲ. ಬಾಯಿ ಮುಚ್ಚಿದ ನಗ್ಮಾಳನ್ನು ಇವತ್ತೇ ನೋಡಿದ್ದು.

ಮುಗಿದ ಮೇಲೆ ಗೇಟಿನ ಹತ್ತಿರ ಅಂಜು ಅವಳ ಅಣ್ಣನ ಗಾಡಿಗೆ ಕಾಯುತ್ತಿದ್ದಳು. ನಾನಾಗಿಯೇ ಹೋಗಿ ಕೇಳಿದೆ, ‘ನನ್ನ ಮೇಲೆ ಯಾಕೆ ಸಿಟ್ಟು ನಿನಗೆ?’

‘ಲೆಕ್ಕ ಬರಲ್ವಾ ನಿನಗೆ? ಎಕನಾಮಿಕ್ಸ್ ಓದ್ತೀಯಂತೆ’ ಅಂದಳು. ದನಿ ಮೆತ್ತಗಿದೆ ಅವಳದ್ದು, ಎದೆಯ ಕೆಳಗೆ ಉಸಿರು ನೂಕೋಕೆ ಬಲ ಇಲ್ಲ, ಅದಕ್ಕೆ ಹತ್ತಿರ ಹೋಗಿ ಕೇಳಬೇಕು. ‘ನಗ್ಮಾ, ಅಕ್ಕ-ತಂಗಿ, ಎರಡೂವರೆಯ ನೀನು. ಹದಿಮೂರು. ಉಳಿದದ್ದೆಷ್ಟು?’

‘ಒಂದು.’

‘ಒಂದು ಯಾರು?’

ನಾನು ಅವಳ ಕಡೆ ಬೆರಳು ತೋರಿಸಿದೆ.

‘ಮನೆಯಲ್ಲಿ ನಾನಿಲ್ದೇ ಎಲ್ಲಾ ನಡೆಯುತ್ತೆ. ಅಣ್ಣನ ಮದುವೇನೂ ನಡೀತು, ನಾನು ಒಳಗಿನ ರೂಮಲ್ಲಿದ್ದೆ. ಇದೊಂದು ಆಟದಲ್ಲಿ ಮಾತ್ರ ನನ್ನಂಥೋಳು ಇಲ್ದೇ ದೊಡ್ಡ ಪಾಯಿಂಟಿನವರು ಕೋರ್ಟಿಗೆ ಇಳಿಯೋಕಾಗಲ್ಲ. ಆ ರೂಲು ಮಾಡಿರೋದೇ ಅದಕ್ಕೆ. ನೀನು ಹೆದರಿಕೊಂಡಿರೋವರೆಗೂ ನಾನು ಸ್ಲೇಟು ಹಿಡ್ಕೊಂಡಿರ್ತೀನಿ.’

ಗಾಡಿ ಬಂತು. ಅಣ್ಣ ಅವಳನ್ನು ಮೂಟೆ ಎತ್ತುವ ಹಾಗೆ ಎತ್ತಿ ಸೀಟಿಗೆ ಹಾಕಿದ. ಅವಳು ನನ್ನ ಕಡೆ ನೋಡಲಿಲ್ಲ.

ಇಷ್ಟು ದಿನ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡು ತಿರುಗಿದೆನಲ್ಲ, ಸ್ಕೂಟರಿನವರು, ಪ್ರೊಫೆಸರು, ಆಟೋದವನು. ಯಾರದ್ದೋ ರಾಂಪಿನ ಮೇಲೆ ನಾನೇ ಸ್ಕೂಟರ್ ನಿಲ್ಲಿಸಿದ್ದೆ.

ಡಿಸೆಂಬರ್ 4, ಬುಧವಾರ

ಕುಸುಮ್‌ಗೆ ಕೊಟ್ಟ ಮಾತು. ಅಂಜು. ಕುಸುಮ್‌ನ ಭುಜ. ಒಳಾಂಗಣ ಹಾಲ್, ಮರದ ನೆಲ. ಊಟ ಸೇರುತ್ತಿಲ್ಲ. ಮೈಕ್ರೋ ಎಕನಾಮಿಕ್ಸ್ ಟೆಸ್ಟಿನಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟೆ.

ಡಿಸೆಂಬರ್ 13, ಶುಕ್ರವಾರ, ನೋಯಿಡಾ

ಕ್ರಮವಾಗಿ ಬರೆಯುತ್ತೇನೆ.

ಮೊದಲ ಮ್ಯಾಚ್ ಪಂಜಾಬಿನವರ ಜೊತೆ. ಅಮ್ಮ, ಅಪ್ಪ ಇಬ್ಬರೂ ಗ್ಯಾಲರಿಯಲ್ಲಿ. ಪ್ರತಿ ಡಿಕ್ಕಿಗೂ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಅಷ್ಟು ದೂರದಿಂದಲೂ ಕಾಣುತ್ತಿತ್ತು. ಬೂದು ಕೂದಲಿನ ಮೇಡಂ ಪ್ಯಾಡ್ ಹಿಡಿದು ಗೆರೆಯ ಪಕ್ಕದಲ್ಲೇ ಕೂತಿದ್ದರು.

ಮೊದಲರ್ಧ ಹಿಡಿದುಕೊಂಡೆ. ಎಡಗೈ ಚಕ್ರದ ಮೇಲೆ. ಮೂರು ಚೆಂಡು ನನ್ನ ಮುಂದೆಯೇ ಹೋದವು. ಪಂಜಾಬಿನ ಒಬ್ಬಳು ತನ್ನವರಿಗೆ ಕೂಗಿ ಹೇಳಿದಳು, ‘ಇವಳನ್ನ ಬಿಡ್ರೇ, ಇವಳ ಕೈಲಿ ಏನೂ ಆಗಲ್ಲ!’ ಆಮೇಲೆ ನನ್ನನ್ನು ತಡೆಯಲು ಯಾರೂ ಬರಲಿಲ್ಲ. ಕೋರ್ಟಿನ ನಡುವೆ ನಾನೊಬ್ಬಳೇ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಹಾಫ್ ಟೈಮಿನಲ್ಲಿ ಆರು ಪಾಯಿಂಟ್ ಹಿಂದೆ. ಸರ್ ನನ್ನ ಭುಜ ತಟ್ಟಿ ಕನ್ನಡದಲ್ಲಿ ‘ಶಭಾಷ್, ಹೀಗೇ ಇರು’ ಅಂದರು.

ಸೋಲುತ್ತಿದ್ದೇವೆ, ನಾನು ಕೆಟ್ಟದಾಗಿ ಆಡುತ್ತಿದ್ದೇನೆ, ಶಭಾಷ್ ಅಂತೆ! ತಲೆಯಲ್ಲಿ ಏನೋ ಕಿತ್ತುಕೊಂಡಿತು.

‘ಸರ್, ನಾನು ಹಿಡ್ಕೊಳಲ್ಲ’ ಅಂದೆ.

‘ಏನು?’

‘ಹಿಡ್ಕೊಳಲ್ಲ ಅಂದೆ.’ ಹಿಂದಿಯಲ್ಲಿ ಹೇಳಿದೆ, ಎಲ್ಲರಿಗೂ ಕೇಳಲಿ ಅಂತ. ಕುಸುಮ್ ಕಡೆ ನೋಡಿದೆ. ಅವಳ ಮುಖ ಕೆಂಪಾಯಿತು. ಬಾಯಿ ಬಿಟ್ಟವಳು ನಗ್ಮಾ. ‘ನಾಟಕ ಮಾಡೋಕೆ ಇದೇ ದಿನ ಸಿಕ್ಕಿತಾ ನಿನಗೆ? ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ?’ ಅವಳು ಹೇಳಿದ್ದು ಸರಿಯೇ. ಮೊದಲೇ ಹೇಳಬೇಕಿತ್ತು. ನವೆಂಬರ್ ಹತ್ತಕ್ಕೆ ಹೇಳಬೇಕಿತ್ತು.

ಸರ್ ನನ್ನನ್ನು ಹೊರಗೆ ಕೂರಿಸಬಹುದಿತ್ತು. ಕೂರಿಸಲಿಲ್ಲ, ಆರು ಪಾಯಿಂಟ್ ಹಿಂದೆ ಇದ್ದೆವು, ಅಷ್ಟೇ ಇರಬೇಕು.

ಎರಡನೇ ಅರ್ಧದಲ್ಲಿ ನನ್ನನ್ನು ಯಾರೂ ತಡೆಯುತ್ತಿರಲಿಲ್ಲವಲ್ಲ. ಹಲಗೆಯ ಕೆಳಗೆ ಹೋಗಿ ನಿಂತೆ. ಎಷ್ಟು ಹಿಡಿದೆ ಲೆಕ್ಕವಿಲ್ಲ. ಎರಡೂ ಕೈ. ಒಂದು ಸಲ ಇಡೀ ಮೈ ತಿರುಗಿಸಿ ಹಿಂದಕ್ಕೆ ಎಸೆದೆ. ಆ ಪಂಜಾಬಿನವಳು ನನಗೆ ಬಂದು ಗುದ್ದಿದಳು, ನಾನು ಅವಳಿಗೆ ಗುದ್ದಿದೆ. ನಾಲ್ಕು ಪಾಯಿಂಟಿನಲ್ಲಿ ಗೆದ್ದೆವು. ಯಾರೂ ನನ್ನನ್ನು ಅಪ್ಪಿಕೊಳ್ಳಲಿಲ್ಲ.

ಮೇಡಂ ಕರೆದರು. ‘ಸೆಪ್ಟೆಂಬರಿನಲ್ಲಿ ಎರಡೂ ಕೈ ಎತ್ತಲು ಆಗಲ್ಲ ಅಂದಿದ್ದೆ. ಇವತ್ತು ಮೊದಲರ್ಧದಲ್ಲೂ ಆಗಲಿಲ್ಲ. ಆಮೇಲೆ ಏನಾಯಿತು?’

‘ಸೆಪ್ಟೆಂಬರಿನಲ್ಲಿ ಭಯ ಇತ್ತು ಮ್ಯಾಮ್. ಇವತ್ತು ಮೊದಲರ್ಧ ಸುಳ್ಳು.’

ಪೆನ್ನು ನಿಂತಿತು. ‘ಯಾರಾದರೂ ಹಾಗೆ ಮಾಡಲು ಹೇಳಿದರಾ?’

ಸರ್ ಹತ್ತಡಿ ದೂರದಲ್ಲಿದ್ದರು, ಬೆನ್ನು ನಮ್ಮ ಕಡೆ. ಆರು ವರ್ಷದ ಅರ್ಜಿಗಳು. ಮಿಲಿಟರಿಯವರ ನೆಟ್ಟಗಿನ ಬೆನ್ನು, ಇವತ್ತು ಸ್ವಲ್ಪ ಬಾಗಿತ್ತು.

‘ಮಾಡಿದ್ದು ನಾನು’ ಅಂದೆ.

ಎರಡೂವರೆ ಬರೆದರು. ನಾಳೆಯಿಂದ ಜಾರಿ. ‘ಇನ್ನೊಂದು ಸಲ ಹೀಗಾದರೆ ಆಡಲು ಬಿಡಲ್ಲ’ ಅಂತಲೂ ಹೇಳಿದರು.

ಡಿಸೆಂಬರ್ 14, ಶನಿವಾರ

ಗೆದ್ದರೆ ಮೊದಲ ನಾಲ್ಕರಲ್ಲಿ. ಮಹಾರಾಷ್ಟ್ರ ಎದುರು.

ಸರ್ ಪಟ್ಟಿ ಓದಿದರು. ನಗ್ಮಾ, ಅಕ್ಕ, ತಂಗಿ, ಕುಸುಮ್, ಅಂಜು. ಹದಿಮೂರೂವರೆ. ನನ್ನ ಕಡೆ ನೋಡದೆ ಓದಿದರು. ನಾನು ಬೆಂಚು. ಸ್ಲೇಟು ನನ್ನ ತೊಡೆಯ ಮೇಲೆ ಬಂತು, ಯಾರು ಇಟ್ಟರು ಗೊತ್ತಿಲ್ಲ.

ಅಂಜು ಆಡೋದನ್ನು ಸರಿಯಾಗಿ ನೋಡಿದ್ದು ಇವತ್ತೇ. ಅವಳು ಓಡಲ್ಲ. ಎಲ್ಲಿ ಹೋಗಬೇಕೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಾಳೆ. ಎದುರಿನ ದೊಡ್ಡ ಹೆಂಗಸು, ನಾಲ್ಕೂವರೆಯವಳು, ನುಗ್ಗಿ ಬಂದಾಗ ದಾರಿಯಲ್ಲಿ ಅಂಜುವಿನ ಕುರ್ಚಿ ಅಡ್ಡ. ಹಿಂದೆ ಸರಿದರೆ ಅಲ್ಲೂ ಕುರ್ಚಿ. ಒಂದು ಡಿಕ್ಕಿಗೆ ಅಂಜು ಮುಂದಕ್ಕೆ ಮಡಚಿಕೊಂಡು ತನ್ನ ಮಂಡಿಯ ಮೇಲೆ ಬಿದ್ದಳು. ಕೈಯೂರಿ ಎದ್ದಳು, ಮತ್ತೆ ಹೋಗಿ ಅಡ್ಡ ನಿಂತಳು. ನಗ್ಮಾ ಹಾಕಿದಳು. ಗ್ಯಾಲರಿ ‘ನಗ್ಮಾ, ನಗ್ಮಾ’ ಅಂತ ಕೂಗಿತು.

‘ಅಂಜು! ಅಂಜು ಹಾಕಿಸಿದ್ದು! ಕಣ್ಣು ಕಾಣಲ್ವಾ ನಿಮಗೆ?’ ಅಂತ ನಾನು ಗ್ಯಾಲರಿ ಕಡೆ ತಿರುಗಿ ಕಿರುಚಿದೆ. ರೆಫರಿ ಬಂದು ಬೆಂಚಿಗೆ ವಾರ್ನಿಂಗ್ ಕೊಟ್ಟರು.

ಎರಡು ಪಾಯಿಂಟಿನಲ್ಲಿ ಸೋತೆವು.

ಹಾಲ್ ಹೋಯಿತು. ನಗ್ಮಾ ಗ್ಲೌಸ್ ಕಿತ್ತು ನನ್ನ ಮುಂದೆ ಎಸೆದಳು. ‘ನೀನು ಒಳಗಿದ್ದಿದ್ರೆ ಗೆಲ್ತಿದ್ವಿ. ಖುಷಿನಾ?’

‘ಹೌದು, ಗೆಲ್ತಿದ್ವಿ. ನನ್ನನ್ನ, ಅಂಜುನ ಒಟ್ಟಿಗೆ ಆಡಿಸಿದ್ರೂ ಹದಿನಾಲ್ಕೇ ಆಗ್ತಿತ್ತು. ಆಡಿಸಲಿಲ್ಲ ಅಂತ ನನ್ನ ಕೇಳ್ತೀಯಾ? ಅವರನ್ನ ಕೇಳು!’

ಸರ್ ಅಲ್ಲೇ ಇದ್ದರು. ಇಡೀ ಹಾಲ್ ಕೇಳಿಸಿಕೊಂಡಿತು. ಇಂಥ ಮಾತನ್ನು 18 ವರ್ಷದಲ್ಲಿ ಯಾವ ದೊಡ್ಡವರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಹಸಿವಾಯಿತು, ಎರಡು ಸಮೋಸ ತಿಂದೆ.

ಡಿಸೆಂಬರ್ 17, ಮಂಗಳವಾರ

ನಾನು ದ್ವಾರಕಾದ ಮನೆಯಲ್ಲಿದ್ದೆ, ಬೆಳ್ಯಪ್ಪ ಸರ್ ಬಂದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದಳು, ಬಾಗಿಲ ಹಿಂದೆ ನಿಂತಳು.

‘ಮೇಡಂಗೆ ನನ್ನ ಹೆಸರು ಯಾಕೆ ಹೇಳಲಿಲ್ಲ?’

‘ನೀವು ಹೇಳಿದಿರಿ ಸರ್. ಸರಿ ಅಂದದ್ದು ನಾನು. ಹಿಡ್ಕೊಂಡಿದ್ದೂ ನನ್ನ ಕೈ.’

ಲೋಟ ಕೆಳಗಿಟ್ಟರು. ‘ಶನಿವಾರ ನಿನ್ನ ಮೇಲಿನ ಸಿಟ್ಟಿಗೆ ಪಟ್ಟಿ ಬರೆದೆ. ಸಿಟ್ಟಿಗೆ ಬರೆಯಬಾರದಿತ್ತು.’

ಪರವಾಗಿಲ್ಲ ಸರ್ ಅಂತ ಬಾಯಿಗೆ ಬಂತು. ಪರವಾಗಿತ್ತು, ಅದಕ್ಕೆ ಹೇಳಲಿಲ್ಲ. ಅವರು ಕಾಫಿ ಮುಗಿಸಿ, ‘ಭಾನುವಾರ ಏಳಕ್ಕೆ. ಅಂಜು ಒಳಗೆ, ಅದು ಪಕ್ಕಾ. ಉಳಿದಿರೋ ಒಂದು ಸೀಟು ನಿನ್ನದೋ ಕುಸುಮ್‌ದೋ ನನಗೆ ಗೊತ್ತಿಲ್ಲ’ ಅಂತ ಎದ್ದರು.

ಡಿಸೆಂಬರ್ 22, ಭಾನುವಾರ

ಮಂಜು. ಅದೇ ಸ್ಕೂಲಿನ ಕೋರ್ಟು, ಸಿಮೆಂಟು ಐಸಿನ ಹಾಗಿತ್ತು.

ಕುಸುಮ್ ಒಂದು ವಾರದಿಂದ ಫೋನ್ ತೆಗೆದಿರಲಿಲ್ಲ. ಬಂದಿದ್ದಳು. ಭುಜಕ್ಕೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ದಾರಿಯಿಡೀ ತಯಾರಿ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ನಿನ್ನ ಕೊನೆಯ ವರ್ಷ, ಸೀಟು ನೀನೇ ಇಟ್ಟುಕೋ, ನಾನು ಚಿಕ್ಕವಳು, ಕಾಯುತ್ತೇನೆ.

ಅವಳು ಪಟ್ಟಿ ಸುತ್ತೋದು ನಿಲ್ಲಿಸಿದಳು.

‘ದಾನ ಕೊಡ್ತಿದ್ದೀಯಾ?’

‘ಇಲ್ಲ, ಅದು...’

‘ಬಸ್ಸಿನಲ್ಲಿ ಎದ್ದು ಸೀಟು ಕೊಡ್ತಾರಲ್ಲ, ಹಾಗೆ? ಮೂವತ್ತು ವರ್ಷ ಅಂಥ ಸೀಟಲ್ಲೇ ಕೂತಿದ್ದೀನಿ ನಾನು. ಇಲ್ಲಿಗೂ ತಂದುಬಿಟ್ಯಾ ಅದನ್ನ? ಕೊನೆಯ ವರ್ಷ ಅಂತ ಯಾರು ಹೇಳಿದ್ದು? ಡಾಕ್ಟರ್ ಹೇಳಿದ್ದು, ನಾನಲ್ಲ. ನೋಯಿಡಾದಲ್ಲಿ ನೀನು ಮಾತು ಮುರಿದೆ, ಅದಕ್ಕೆ ನಿನ್ನ ಮೇಲೆ ಸಿಟ್ಟಿದೆ, ಇರುತ್ತೆ. ಆದರೆ ಅದಕ್ಕಿಂತ ಇದಕ್ಕೆ ಜಾಸ್ತಿ ಸಿಟ್ಟು ಬರ್ತಿದೆ. ಬೇಕಾದ್ರೆ ಕಿತ್ಕೋ ಬಾ.’

ಅಂಜು ಕೋರ್ಟಿನ ನಡುವಿನಿಂದ, ‘ಹತ್ತು ಬುಟ್ಟಿ! ಮೊದಲು ಹತ್ತು ಹಾಕಿದವಳು ನನ್ನ ಪಕ್ಕ!’ ಅಂದಳು. ಅವಳ ಮೆತ್ತಗಿನ ದನಿ ಯಾರಿಗೂ ಕೇಳಲಿಲ್ಲ ಅಂತ ನಗ್ಮಾ ಅದನ್ನೇ ಇಡೀ ಬೀದಿಗೆ ಸಾರಿದಳು.

ಕುಸುಮ್ ಮೊದಲ ಡಿಕ್ಕಿಯಲ್ಲೇ ನನ್ನ ಹಲ್ಲು ಅಲುಗಾಡಿಸಿದಳು. ಮೊದಲ ಐದೂ ಅವಳದ್ದೇ. ಆ ಸವೆದ ಭುಜದಲ್ಲಿ! ನಾನು ಎರಡು ಹಾಕಿದೆ, ಅವಳು ಇನ್ನೆರಡು. ಹಲಗೆಯ ಕೆಳಗೆ ಇಬ್ಬರೂ ಒಂದೇ ಚೆಂಡಿಗೆ ಕೈ ಹಾಕಿದೆವು. ಇಬ್ಬರೂ ಬಿಡಲಿಲ್ಲ. ಅವಳು ಉಸಿರುಗಟ್ಟಿಕೊಂಡು ‘ಬಿಡೇ’ ಅಂದಳು. ‘ನೀನೇ ಬಿಡು’ ಅಂದೆ. ಎಳೆದುಕೊಂಡು, ಗುದ್ದಿಕೊಂಡು ಗೆರೆ ದಾಟಿ ಹೋದೆವು, ಸರ್ ಸೀಟಿ ಊದುತ್ತಲೇ ಇದ್ದರು.

ಹತ್ತು – ಆರು. ಅವಳು ಗೆದ್ದಳು. ಮುಂದಿನ ಮ್ಯಾಚಿಗೆ ಕುಸುಮ್ ಒಳಗೆ, ನಾನು ಬೆಂಚು.

ಮೈಯೆಲ್ಲ ಉರಿಯುತ್ತಿದೆ. ಬುಧವಾರ ರಜೆ, ಹೋಗಿ ಎಡಗೈ ಹೊಡೆತ ಕಲಿಯಬೇಕು. ಅವಳು ಎಡಕ್ಕೆ ತಿರುಗೋದು ನಿಧಾನ, ನೋಡಿಕೊಂಡಿದ್ದೇನೆ. ಹೊರಡುವಾಗ ಅವಳಿಗೆ ಹೇಳಿಯೇ ಬಂದೆ, ಆ ಸೀಟು ಜನವರಿಯೊಳಗೆ ನನ್ನದು ಅಂತ.

‘ಬಾರೇ, ಬಾ’ ಅಂದಳು, ಭುಜಕ್ಕೆ ಐಸು ಒತ್ತಿಕೊಳ್ಳುತ್ತಾ.